ಹಾಡಿನ ಪಹಣಿ: 1978ರ ತಟ್ಟೆಗಳ ಲೆಕ್ಕ

(ಮಂಗಳೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದೆ.)



ಸಂಗೀತದ ಬಗ್ಗೆ ಮಾತಾಡಿ ಅಂತ ಕೇಳಿದಿರಿ. ಸ್ಕಾಲರ್‌ಶಿಪ್ ಹಣ ಕೈಗೆ ಬಂದಿಲ್ಲ, ಪರೀಕ್ಷೆ ಹತ್ತಿರ ಬಂತು, ಇಂಥ ಹೊತ್ತಿನಲ್ಲಿ ಹಾಡಿನ ಮಾತು ಎಂತಕ್ಕೆ ಅಂತ ಹಿಂದಿನ ಸಾಲಿನವರು ಗೊಣಗಬಹುದು. ಗೊಣಗಲಿ. ಅವರಿಗೂ ಸೇರಿಸಿಯೇ ಹೇಳುತ್ತೇನೆ. ಭೂಮಿಗೆ ಪಹಣಿ ಇರುವ ಹಾಗೆ ಹಾಡಿಗೂ ಒಂದು ಪಹಣಿ ಉಂಟು. ನಾನು ಆಡುವುದು ಆ ಪಹಣಿಯ ಮಾತು.

ಪಹಣಿಯಲ್ಲಿ ಏನು ನೋಡಬೇಕು ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಒಡೆಯ ಯಾರು, ಸಾಗುವಳಿ ಮಾಡುವವ ಯಾರು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿದಾರರು ಫಾರಂ ನಂಬ್ರ 7 ಕೊಟ್ಟು ಭೂಮಿ ಕೇಳಿದರು. ಈ ಜಿಲ್ಲೆಯಲ್ಲಿ ಎಷ್ಟೋ ಒಕ್ಕಲುಗಳಿಗೆ ಭೂಮಿ ಸಿಕ್ಕಿತು. ಒಳ್ಳೆಯದೇ ಆಯಿತು. ಆದರೆ ಗೇಣಿಯ ಚೀಟಿಯೂ ಇಲ್ಲದೆ ಮೂಲದಾಳಾಗಿ, ಬರೀ ಕೂಲಿಯಾಗಿ ದುಡಿದವರ ಕಥೆ ಏನಾಯಿತು? ಉತ್ತದ್ದು ಅವರು, ನೆಟ್ಟದ್ದು ಅವರು, ಕೊಯ್ದದ್ದು ಅವರು. ಕಾಲಂನಲ್ಲಿ ಹೆಸರಿಲ್ಲ, ಆದ್ದರಿಂದ ಭೂಮಿಯೂ ಇಲ್ಲ.

ಗ್ರಾಮಫೋನ್ ತಟ್ಟೆಯ ನಡುವೆ ಒಂದು ದುಂಡು ಕಾಗದ ಅಂಟಿಸಿರುತ್ತಾರೆ. ಹಾಡಿದವರು ಇಂಥವರು, ಬರೆದವರು ಇಂಥವರು, ರಾಗ ಹಾಕಿದವರು ಇಂಥವರು, ಕಂಪನಿ ಇಂಥದ್ದು. ಅದೇ ಹಾಡಿನ ಪಹಣಿ. ಇವತ್ತು ನಾನು ಒಂದೇ ಒಂದು ವರ್ಷದ ತಟ್ಟೆಗಳನ್ನು ತೆಗೆದುಕೊಂಡಿದ್ದೇನೆ, 1978. ಒಂದೊಂದಕ್ಕೂ ಮೂರೇ ಪ್ರಶ್ನೆ ಕೇಳೋಣ. ದನಿ ಯಾರದು? ಹೆಸರು ಯಾರದು? ಹಣ ಯಾರದು?

ನಿಮ್ಮಲ್ಲಿ ಹೆಚ್ಚಿನವರು ತಟ್ಟೆ ನೋಡಿಲ್ಲ. ಒಂದು ಅಗಲವಾದ ಕರಿ ತಟ್ಟೆ, ನಿಮಿಷಕ್ಕೆ 33 ಸುತ್ತು ಚಿಲ್ಲರೆ ತಿರುಗುತ್ತದೆ, ಒಂದೊಂದು ಬದಿಗೆ ಇಪ್ಪತ್ತು ನಿಮಿಷ ಚಿಲ್ಲರೆ ಹಾಡು. ಅದನ್ನು ಅಚ್ಚು ಹಾಕಲು ಕಾರ್ಖಾನೆ ಬೇಕು. ನಮ್ಮ ದೇಶದಲ್ಲಿ ದೊಡ್ಡ ಕಾರ್ಖಾನೆ ಇದ್ದದ್ದು ಕಲ್ಕತ್ತೆಯ ಡಮ್ ಡಮ್‌ನಲ್ಲಿ, ಎಚ್.ಎಂ.ವಿ.ಯವರದ್ದು. ಅಂದರೆ ನಿಮ್ಮ ಹಾಡು ತಟ್ಟೆ ಆಗಬೇಕಾದರೆ ಕಂಪನಿಯ ಬಾಗಿಲು ತಟ್ಟಬೇಕು. ಕ್ಯಾಸೆಟ್ ಬಂದದ್ದು ಆಮೇಲೆ. 1963ರಲ್ಲಿ ಫಿಲಿಪ್ಸ್ ಕಂಪನಿ ಅದನ್ನು ತಂದಿತು. ಅಂಗೈ ಅಗಲದ ಡಬ್ಬಿ, ಮನೆಯಲ್ಲೇ ಹಾಡು ತುಂಬಿಸಬಹುದು, ಅಳಿಸಬಹುದು, ಇನ್ನೊಬ್ಬರಿಗೆ ಪ್ರತಿ ಮಾಡಿ ಕೊಡಬಹುದು. ಮಂಗಳೂರಿಗೆ ಟೇಪ್ ರೆಕಾರ್ಡರ್ ಬಂದದ್ದು ಬಹಳ ಮಟ್ಟಿಗೆ ಗಲ್ಫಿಗೆ ಹೋದವರ ಪೆಟ್ಟಿಗೆಯಲ್ಲಿ. 1978 ಅಂದರೆ ತಟ್ಟೆಯ ಕಾಲ ಇಳಿಯುತ್ತಿದ್ದ, ಕ್ಯಾಸೆಟ್ಟಿನ ಕಾಲ ಏರುತ್ತಿದ್ದ ಹೊತ್ತು.

ಮೊದಲು ಕನ್ನಡದ್ದೇ ನೋಡೋಣ. ಆ ವರ್ಷ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅಂತ ಅದಕ್ಕೆ ಹೆಸರು. ಕವಿ ಕೆ.ಎಸ್. ನಿಸಾರ್ ಅಹಮದ್, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಮೇಷ್ಟ್ರು. ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಪುಸ್ತಕದೊಳಗೆ ಮಲಗಿದ್ದ ಕವಿತೆ ಎದ್ದು ಶಾಲೆಗೆ, ಮದುವೆ ಮನೆಗೆ, ರಾಜ್ಯೋತ್ಸವದ ಮೈಕಿಗೆ ಹೋಯಿತು. ಒಬ್ಬ ಮುಸ್ಲಿಂ ಕವಿಯ ಹಾಡನ್ನು ನಾಡಿನ ಮಕ್ಕಳೆಲ್ಲ ತಮ್ಮದೇ ಅಂತ ಹಾಡಿದರು. ಇದು ಸಣ್ಣ ಮಾತಲ್ಲ. ಇಲ್ಲಿ ಗಮನಿಸಬೇಕಾದ್ದು ಇಷ್ಟು: ಭಾವಗೀತೆಯ ಕ್ಯಾಸೆಟ್ಟುಗಳಲ್ಲಿ ಕವಿ, ರಾಗ ಹಾಕಿದವರು, ಹಾಡಿದವರು, ಮೂವರೂ ಹೆಸರಿನಿಂದಲೇ ಬದುಕಿದರು. ಅದೇ ಅಂಗಡಿಯಲ್ಲಿ ಆಮೇಲೆ ಬಂದ ಜನಪದ ಗೀತೆಯ ಕ್ಯಾಸೆಟ್ ತಿರುಗಿಸಿ ನೋಡಿ. 'ರಚನೆ: ಜನಪದ' ಅಂತ ಅಚ್ಚಾಗಿರುವುದೇ ರೂಢಿ. ಯಾರು ಮಾರಾಯರೇ ಈ ಜನಪದ? ಅವರಿಗೆ ಊರಿಲ್ಲವಾ, ಮನೆ ಇಲ್ಲವಾ, ಅಪ್ಪ ಅಮ್ಮ ಇಟ್ಟ ಹೆಸರಿಲ್ಲವಾ?

ಸಿನಿಮಾಕ್ಕೆ ಬನ್ನಿ. 'ಶಂಕರ್ ಗುರು' ಅದೇ ವರ್ಷದ್ದು. ರಾಜಕುಮಾರ್ ಮೂರು ಪಾತ್ರ, ಉಪೇಂದ್ರ ಕುಮಾರ್ ಸಂಗೀತ. ಹೋಟೆಲು, ಬಸ್ ಸ್ಟ್ಯಾಂಡು, ಎಲ್ಲ ಕಡೆ ಅದೇ. 'ಒಂದಾನೊಂದು ಕಾಲದಲ್ಲಿ' ಕೂಡ ಅದೇ ವರ್ಷ, ಗಿರೀಶ್ ಕಾರ್ನಾಡರ ಚಿತ್ರ, ಭಾಸ್ಕರ್ ಚಂದಾವರ್ಕರ್ ಸಂಗೀತ. ಇನ್ನೊಂದು 'ಪರಸಂಗದ ಗೆಂಡೆತಿಮ್ಮ', ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ರಾಜನ್-ನಾಗೇಂದ್ರ ಸಂಗೀತ. ಅದರ ಹಾಡುಗಳಲ್ಲಿ ದೊಡ್ಡರಂಗೇಗೌಡರು ಹಳ್ಳಿಯ ಆಡುಮಾತನ್ನೇ ತಂದರು. ವ್ಯಾಕರಣದ ಇಸ್ತ್ರಿ ಹಾಕದ ಮಾತು ತಟ್ಟೆಯ ಮೇಲೆ ಹತ್ತಿ ನಾಡೆಲ್ಲ ಸುತ್ತಿತು. ಹಳ್ಳಿಯಿಂದ ಬಂದ ಹುಡುಗರಿಗೆ ಅದು ಎಷ್ಟು ಧೈರ್ಯ ಕೊಟ್ಟಿತು ಅಂತ ಆಗ ಓದುತ್ತಿದ್ದವರನ್ನು ಕೇಳಿ ನೋಡಿ. ಊರಿನ ಮಾತು ತಟ್ಟೆಗೆ ಬಂತು. ಕೇರಿಯ ಮಾತು?

ಕೇರಿಯ ಮಾತು ಆ ಹೊತ್ತಿಗೆ ಬೇರೆ ದಾರಿಯಲ್ಲಿ ನಡೆಯುತ್ತಿತ್ತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲೇ ಅಚ್ಚಾಗಿತ್ತು. ಆ ಹಾಡುಗಳು ಹರಡಿದ್ದು ತಟ್ಟೆಯಿಂದಲ್ಲ. ಜಾಥಾದಿಂದ ಜಾಥಾಕ್ಕೆ, ಹಾಸ್ಟೆಲಿನಿಂದ ಹಾಸ್ಟೆಲಿಗೆ, ಬಾಯಿಂದ ಬಾಯಿಗೆ. ಅದಕ್ಕೆ ತಮಟೆ ಸಾಕಾಗಿತ್ತು. ಕಂಪನಿ ಬೇಕಿರಲಿಲ್ಲ. ಆದರೂ ಆ ಹಾಡಿನ ಮೇಲೆ ಸಿದ್ಧಲಿಂಗಯ್ಯನವರ ಹೆಸರು ನಿಂತಿತು ನೋಡಿ, ಅದು ಯಾಕೆ? ಪುಸ್ತಕ ಇತ್ತು. ಬರೆದವನ ಹೆಸರು ಕಾಗದದ ಮೇಲೆ ಇತ್ತು.

ಮತ್ತೊಂದು ವಿಷಯ. ನಾನು ಹೇಳಿದ ತಟ್ಟೆಗಳಲ್ಲಿ ಎಲ್ಲಾದರೂ ತಬಲ, ಢೋಲಕ್, ಮೃದಂಗದ ಸದ್ದು ಕೇಳಿದರೆ ಅಲ್ಲಿ ಚರ್ಮ ಉಂಟು. ಮೃದಂಗಕ್ಕೆ ಹಸು, ಎಮ್ಮೆ, ಆಡು, ಮೂರರ ಚರ್ಮವೂ ಬೇಕು. ಸುಲಿದು, ಹದ ಮಾಡಿ, ಬಿಗಿದು ಕಟ್ಟಿ ನಾದ ಬರಿಸಿದವರು ಯಾರು? ಟಿ.ಎಂ. ಕೃಷ್ಣ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅಂತ ಒಂದು ಪುಸ್ತಕ ತಂದರು. ಮೃದಂಗ ಮಾಡುವವರ ಚರಿತ್ರೆ ಅದು. ಅವರಲ್ಲಿ ಹೆಚ್ಚಿನವರು ದಲಿತ ಕ್ರೈಸ್ತರು. ನೂರು ವರ್ಷದ ಕಚೇರಿಗಳಲ್ಲಿ ನುಡಿಸಿದವರ ಹೆಸರು ಉಂಟು, ಮಾಡಿಕೊಟ್ಟವರ ಹೆಸರು ಹುಡುಕಲು ಒಂದು ಪುಸ್ತಕವೇ ಬೇಕಾಯಿತು.

ಈಗ ಸ್ವಲ್ಪ ಹೊರಗೆ ಹೋಗೋಣ. 1978ರಲ್ಲಿ ಗಲ್ಫಿನಿಂದ ಬಂದ ಪೆಟ್ಟಿಗೆಗಳಲ್ಲಿ ಬೋನಿ ಎಂ ಇರುವುದು ಸಾಮಾನ್ಯವಾಗಿತ್ತು. ಆ ವರ್ಷದ ಅವರ ತಟ್ಟೆ 'ನೈಟ್‌ಫ್ಲೈಟ್ ಟು ವೀನಸ್'. ಅದರಲ್ಲಿ 'ರಿವರ್ಸ್ ಆಫ್ ಬ್ಯಾಬಿಲಾನ್' ಅಂತ ಒಂದು ಹಾಡು, ಕುಣಿಯುವ ಹಾಡು. ಮಾತು ಎಲ್ಲಿಯದ್ದು? ಬೈಬಲ್ಲಿನ 137ನೇ ಕೀರ್ತನೆ. ಸೆರೆಯಾಗಿ ಪರದೇಶಕ್ಕೆ ಹೋದವರು ಹೊಳೆಯ ಬದಿಯಲ್ಲಿ ಕೂತು ಅಳುವ ಹಾಡು. ಅದನ್ನು 1970ರಲ್ಲಿ ಜಮೈಕಾದ ಮೆಲೋಡಿಯನ್ಸ್ ಎಂಬ ತಂಡದ ಬ್ರೆಂಟ್ ಡೌ ಮತ್ತು ಟ್ರೆವರ್ ಮೆಕ್‌ನಾಟನ್ ಕಟ್ಟಿದ್ದರು. ಗುಲಾಮರ ಮೊಮ್ಮಕ್ಕಳು ತಮ್ಮ ಮೇಲಿನ ಆಳ್ವಿಕೆಗೇ ಬ್ಯಾಬಿಲಾನ್ ಅಂತ ಹೆಸರಿಟ್ಟು ಹಾಡಿದ ಹಾಡು ಅದು. ಪಶ್ಚಿಮ ಜರ್ಮನಿಯ ನಿರ್ಮಾಪಕ ಫ್ರಾಂಕ್ ಫರಿಯಾನ್ ಅದನ್ನು ಡಿಸ್ಕೋ ಮಾಡಿದರು. ತಟ್ಟೆಯ ಮೇಲೆ ಆ ಇಬ್ಬರ ಹೆಸರಿನ ಪಕ್ಕದಲ್ಲಿ ಫರಿಯಾನ್ ಹೆಸರೂ ಬಂದು ಕೂತಿತು. ಇನ್ನೂ ಒಂದು ತಮಾಷೆ. ವೇದಿಕೆಯಲ್ಲಿ ಕುಣಿದು ಬಾಯಿ ಆಡಿಸುತ್ತಿದ್ದ ಕರಿಯ ಯುವಕ ಬಾಬಿ ಫ್ಯಾರೆಲ್. ತಟ್ಟೆಯಲ್ಲಿದ್ದ ಗಂಡು ದನಿ ಫರಿಯಾನ್ ಅವರದ್ದೇ. ಮೈ ಒಬ್ಬರದ್ದು, ದನಿ ಇನ್ನೊಬ್ಬರದ್ದು, ನೋವು ಮತ್ತೊಬ್ಬರದ್ದು.

ಅದೇ ವರ್ಷ ಇಂಗ್ಲೆಂಡಿನಲ್ಲಿ ಬೇರೆ ಎರಡು ತಟ್ಟೆ ಬಂದವು. ಇವನ್ನು ನೀವು ಕೇಳಲೇಬೇಕು. ಒಂದು 'ಹ್ಯಾಂಡ್ಸ್‌ವರ್ತ್ ರೆವಲ್ಯೂಷನ್'. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್ ಎಂಬ ಬಡಾವಣೆಯಲ್ಲಿ ಒಟ್ಟಿಗೆ ಶಾಲೆ ಕಲಿತ ಹುಡುಗರು ಕಟ್ಟಿದ ತಂಡ ಸ್ಟೀಲ್ ಪಲ್ಸ್. ಅಪ್ಪ ಅಮ್ಮ ವೆಸ್ಟ್ ಇಂಡೀಸಿನಿಂದ ಕೂಲಿಗೆ ಬಂದವರು. ಹುಡುಗರು ತಮ್ಮ ಕೇರಿಯ ಹೆಸರನ್ನೇ ತಟ್ಟೆಗೆ ಇಟ್ಟರು. ಕರಿಯರನ್ನು ಸುಡುವ ಕು ಕ್ಲಕ್ಸ್ ಕ್ಲಾನ್ ಮೇಲೆ ಹಾಡು ಕಟ್ಟಿ, ಅದನ್ನು ಹಾಡುವಾಗ ಕ್ಲಾನಿನವರ ಬಿಳಿ ಮುಸುಕನ್ನೇ ತಾವು ಹಾಕಿಕೊಂಡು ವೇದಿಕೆ ಹತ್ತುತ್ತಿದ್ದರು. 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ಜನಾಂಗದ್ವೇಷದ ವಿರುದ್ಧ ನಡೆದ ದೊಡ್ಡ ಸಂಗೀತ ಮೇಳದಲ್ಲಿ ಅವರೂ ಹಾಡಿದರು.

ಇನ್ನೊಂದು 'ಡ್ರೆಡ್ ಬೀಟ್ ಆನ್ ಬ್ಲಡ್'. ಕವಿ ಲಿಂಟನ್ ಕ್ವೇಸಿ ಜಾನ್ಸನ್. 1952ರಲ್ಲಿ ಜಮೈಕಾದಲ್ಲಿ ಹುಟ್ಟಿ, 1963ರಲ್ಲಿ ಲಂಡನ್ನಿಗೆ ಬಂದವರು. ಶಾಲೆಯ ಹುಡುಗನಾಗಿರುವಾಗಲೇ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ ಚಳವಳಿಗೆ ಸೇರಿದವರು. ಡು ಬಾಯಿಸ್ ಬರೆದ ಪುಸ್ತಕ ಓದಿ ತನಗೆ ಕವಿತೆ ಬಂತು ಅಂತ ಹೇಳಿಕೊಂಡವರು. ಈ ಡು ಬಾಯಿಸ್ ಅವರಿಗೇ 1946ರಲ್ಲಿ ನಮ್ಮ ಬಾಬಾಸಾಹೇಬರು ಪತ್ರ ಬರೆದಿದ್ದರು. 1972ರಲ್ಲಿ ಬೊಂಬಾಯಿಯ ದಲಿತ ಯುವಕರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದೂ ಕರಿಯರ ಪ್ಯಾಂಥರ್ಸ್ ನೋಡಿಯೇ. ನೆಂಟಸ್ತಿಕೆ ಎಲ್ಲೆಲ್ಲಿ ಉಂಟು ನೋಡಿ. ಜಾನ್ಸನ್ ಮಾಡಿದ್ದೇನು? ಶಾಲೆಯ ಇಂಗ್ಲಿಷನ್ನು ಬದಿಗಿಟ್ಟು, ತಮ್ಮ ಜನ ಮಾತಾಡುವ ಹಾಗೇ, ಅದೇ ಕಾಗುಣಿತದಲ್ಲಿ ಬರೆದರು. ಬ್ರಾಡ್‌ಫರ್ಡಿನಲ್ಲಿ ಮಾಡದ ದರೋಡೆಗೆ ಜೈಲು ಸೇರಿದ್ದ ಜಾರ್ಜ್ ಲಿಂಡೋ ಎಂಬವರ ಬಿಡುಗಡೆಗೆ ಆಗ ಹೋರಾಟ ನಡೆಯುತ್ತಿತ್ತು, ಆ ಹೋರಾಟಕ್ಕೇ ಒಂದು ಹಾಡು ಈ ತಟ್ಟೆಯಲ್ಲಿ ಉಂಟು. ಲಿಂಡೋ ಆಮೇಲೆ ಬಿಡುಗಡೆಯಾದರು. ಕರಪತ್ರ ಮಾಡುವ ಕೆಲಸವನ್ನು ತಟ್ಟೆಯೂ ಮಾಡಿತು.

ಅದೇ ಏಪ್ರಿಲ್ ತಿಂಗಳ 22ರಂದು ಬಾಬ್ ಮಾರ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ, ಪರಸ್ಪರ ಕಾದಾಡುತ್ತಿದ್ದ ಎರಡು ಪಕ್ಷಗಳ ನಾಯಕರಾದ ಮ್ಯಾನ್ಲಿ ಮತ್ತು ಸಿಯಾಗ ಅವರನ್ನು ವೇದಿಕೆಗೆ ಕರೆದು ಇಬ್ಬರ ಕೈಯನ್ನೂ ಮೇಲೆತ್ತಿ ಹಿಡಿದರು. ಆ ವರ್ಷ ಬಂದ ಅವರ 'ಕಾಯಾ' ತಟ್ಟೆ ಮೆತ್ತಗಾಯಿತು, ಬರೀ ಪ್ರೀತಿಯ ಹಾಡು ಅಂತ ಕೆಲವರು ಮೂಗು ಮುರಿದಿದ್ದರು. ಹೋರಾಟ ಮಾಡುವವರು ಪ್ರೀತಿಯ ಹಾಡು ಹಾಡಬಾರದು ಅಂತ ಯಾರು ಹೇಳಿದ್ದು? ಹಾಸ್ಟೆಲಿನಲ್ಲೂ ಈ ಮಾತು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

1978 ಅಂದಾಗ ಪಕ್ಕದ ಮಹಾರಾಷ್ಟ್ರವನ್ನು ಬಿಡುವ ಹಾಗಿಲ್ಲ. ಜುಲೈ 27ರಂದು ಅಲ್ಲಿನ ಶಾಸನಸಭೆ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡಲು ಠರಾವು ಮಾಡಿತು. ಅಷ್ಟಕ್ಕೇ ಹಳ್ಳಿ ಹಳ್ಳಿಗಳಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು, ಜನ ಸತ್ತರು. ಹೆಸರು ಬಂದದ್ದು 1994ರ ಜನವರಿ 14ರಂದು, ಅದೂ ಮರಾಠವಾಡ ಎಂಬುದನ್ನು ಉಳಿಸಿಕೊಂಡು. ಹದಿನಾರು ವರ್ಷ ಒಂದು ಹೆಸರಿಗಾಗಿ. ಆ ಹೋರಾಟದ ಉದ್ದಕ್ಕೂ ಭೀಮಗೀತೆ ಹಾಡುವ ಶಾಹಿರರು ಬಸ್ತಿಗಳಲ್ಲಿ ಹಾಡುತ್ತಲೇ ಇದ್ದರು. ಹೆಸರಿನಲ್ಲಿ ಏನುಂಟು ಅಂತ ಯಾರಾದರೂ ಕೇಳಿದರೆ ಈ ಕಥೆ ಹೇಳಿ.

ಇನ್ನು ನಮ್ಮ ಮಂಗಳೂರು. 1976ರ ಡಿಸೆಂಬರಿನಲ್ಲಿ ಇಲ್ಲಿ ಆಕಾಶವಾಣಿ ಶುರುವಾಯಿತು. 1978ರಲ್ಲಿ ಅದಕ್ಕೆ ಎರಡು ವರ್ಷದ ಪ್ರಾಯ. ಆ ವರ್ಷ ಈ ಊರಿನ ಸುತ್ತ ಏನೇನು ಸದ್ದು ಇತ್ತು? ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಓಬೇಲೆ. ನಲಿಕೆ, ಪರವ, ಪಂಬದರ ಮನೆಗಳ ಹೆಂಗಸರು ತೆಂಬರೆ ಬಡಿದು ಹೇಳುವ ಪಾಡ್ದನ. ಮನ್ಸರ ದುಡಿ. ಕೊರಗರ ಡೋಲು, ಕೊಳಲು. ಒಂದೊಂದು ಪಾಡ್ದನ ಒಂದು ರಾತ್ರಿ ಪೂರ್ತಿ ಹೇಳಿದರೂ ಮುಗಿಯದ್ದು ಉಂಟು. ನಾನು ಈವರೆಗೆ ಎಣಿಸಿದ ತಟ್ಟೆಗಳಲ್ಲಿ ಇವುಗಳಲ್ಲಿ ಒಂದೂ ಇಲ್ಲ.

ಹಾಗಂತ ಇವನ್ನು ಯಾರೂ ಬರೆದುಕೊಳ್ಳಲಿಲ್ಲ ಅಂತಲ್ಲ. 1886ರಲ್ಲೇ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಎ. ಮೆನ್ನರ್ 'ಪಾಡ್ದನೊಳು' ಅಂತ ಪುಸ್ತಕ ಅಚ್ಚು ಹಾಕಿಸಿದರು. ದೊಡ್ಡ ಕೆಲಸ. ಇವತ್ತು ನಮಗೆ ನೆನಪಿರುವುದು ಮೆನ್ನರ್ ಹೆಸರು, ಹಾಡಿದವರದ್ದಲ್ಲ. ಹೆಸರು ಹಾಕಲು ಆಗುವುದಿಲ್ಲವಾ? ಆಗುತ್ತದೆ. ಫಿನ್‌ಲ್ಯಾಂಡಿನ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರು ಸೇರಿ 1990ರಲ್ಲಿ ಸಿರಿ ಪಾಡ್ದನವನ್ನು ದಾಖಲು ಮಾಡಿದರು. 1998ರಲ್ಲಿ ಪುಸ್ತಕ ಬಂತು, 15,683 ಸಾಲು. ಆ ಪುಸ್ತಕದ ಹೆಸರಿನಲ್ಲೇ ಹಾಡಿದ ಗೋಪಾಲ ನಾಯ್ಕರ ಹೆಸರು ಉಂಟು. 'ರಚನೆ: ಜನಪದ' ಅಂತ ಇಲ್ಲ. ಮನಸ್ಸು ಮಾಡಿದರೆ ಮುಖಪುಟದಲ್ಲಿ ಜಾಗ ಇರುತ್ತದೆ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಬರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಡೋಲು ನಮ್ಮ ಹೆಮ್ಮೆಯಾ, ನಮ್ಮ ಬೇಡಿಯಾ? ಕೊರಗರ ಡೋಲಿಗೆ ಅಜಲು ಪದ್ಧತಿ ಅಂಟಿಕೊಂಡಿತ್ತು. ಕಂಬಳದ ಹಿಂದಿನ ರಾತ್ರಿ ಇಡೀ ಚಳಿಯಲ್ಲಿ ಡೋಲು ಬಡಿಯಬೇಕು, ಬೆಳಗಾದರೆ ಕೋಣಗಳ ಮುಂಚೆ ಕಂಬಳದ ಕೆಸರಿನಲ್ಲಿ ಓಡಬೇಕು. ಕೂದಲು, ಉಗುರು ಕಲಸಿದ ಅನ್ನ ತಿನ್ನಿಸಿ ಮೇಲಿನವರು ತಮ್ಮ ಕಾಯಿಲೆ ಕಳೆದುಕೊಳ್ಳಬೇಕು. ಇದನ್ನು ಸಂಪ್ರದಾಯ ಅಂತ ಕರೆದರು. ಇದು ಅಪರಾಧ ಅಂತ ಹೇಳುವ ಅಜಲು ನಿಷೇಧ ಕಾಯಿದೆಯನ್ನು ಕರ್ನಾಟಕ ಮಾಡಿದ್ದು 2000ದಲ್ಲಿ. 1978ರಲ್ಲಿ ಡೋಲಿನ ಸದ್ದು ಕೇಳಿದ ಊರಿಗೆ ಅಂಥ ಕಾಯಿದೆ ಇರಲಿಲ್ಲ.

ಆದ್ದರಿಂದಲೇ ನಮ್ಮ ಚಳವಳಿಯಲ್ಲಿ ಎರಡು ಮಾತು ಉಂಟು. ತಮಟೆ, ಡೋಲು ಬಿಸಾಡಿ ಪುಸ್ತಕ ಹಿಡಿಯಿರಿ ಅನ್ನುವುದು ಒಂದು. ಅದು ನಮ್ಮ ವಿದ್ಯೆ, ಯಾಕೆ ಬಿಡಬೇಕು ಅನ್ನುವುದು ಇನ್ನೊಂದು. ಎರಡೂ ನೋವಿನಿಂದಲೇ ಬಂದ ಮಾತು. ನನ್ನ ಅಭಿಪ್ರಾಯ ಇದು. ಬಾ ಅಂದ ಕೂಡಲೆ ಹೋಗಿ ಬಡಿಯುವುದು ಚಾಕರಿ. ನಾನು ಬಡಿಯುತ್ತೇನೆ, ನನ್ನ ಹೆಸರು ಹೇಳಿ, ನನ್ನ ಸಂಬಳ ಕೊಡಿ, ಬೇಡ ಅನಿಸಿದರೆ ಬರುವುದಿಲ್ಲ ಅನ್ನುವುದು ಕಲೆ. ಡೋಲು ಅದೇ, ಚರ್ಮ ಅದೇ. ಇಲ್ಲ ಅನ್ನುವ ಹಕ್ಕು ಉಂಟಾ ಎಂಬುದೇ ಪರೀಕ್ಷೆ. ಕಾಲೇಜ್ ಡೇಗೆ ಕೊರಗರನ್ನು ಕರೆಸಿ, ಬಾಗಿಲಲ್ಲಿ ನಿಲ್ಲಿಸಿ ಡೋಲು ಬಡಿಸಿ, ಮುಖ್ಯ ಅತಿಥಿಗೆ ಶಾಲು ಹೊದೆಸಿ, ಬಡಿದವರಿಗೆ ಚಾ ಕುಡಿಸಿ ಕಳಿಸುವುದು ಉಂಟಲ್ಲ, ಅದು ಸಂಸ್ಕೃತಿ ಅಲ್ಲ. ಅದು ಬ್ಯಾನರ್ ಕಟ್ಟಿದ ಅಜಲು.

ಈಗ ಕಾನೂನು ಏನು ಹೇಳುತ್ತದೆ, ಗಮನವಿಟ್ಟು ಕೇಳಿ. ನಮ್ಮ ಕಾಪಿರೈಟ್ ಕಾಯಿದೆ 1957ರದ್ದು. 1978ರಲ್ಲಿ ಆ ಕಾಯಿದೆಯಲ್ಲಿ ಹಾಡುವವನಿಗೆ, ಬಾರಿಸುವವನಿಗೆ ಹಕ್ಕೇ ಇರಲಿಲ್ಲ. ಪ್ರದರ್ಶಕರ ಹಕ್ಕು ಎಂಬುದನ್ನು ಸೇರಿಸಿದ್ದು 1994ರ ತಿದ್ದುಪಡಿಯಲ್ಲಿ. ಪ್ರದರ್ಶಕ ಅಂದರೆ ಯಾರು ಅಂತ ಪಟ್ಟಿ ಉಂಟು: ಗಾಯಕ, ವಾದಕ, ನರ್ತಕ, ದೊಂಬರಾಟದವ, ಹಾವಾಡಿಗ ಕೂಡ. 2012ರಲ್ಲಿ ಇನ್ನೊಂದು ಸೇರಿತು. ಈ ಪ್ರದರ್ಶನ ನನ್ನದು ಅಂತ ಹೆಸರು ಕೇಳುವ ಹಕ್ಕು. ಅಜ್ಜಿ ಹೇಳುವ ಪಾಡ್ದನಕ್ಕೆ ಕರ್ತೃ ಯಾರೂ ಇಲ್ಲ ಅಂತ ಹೇಳಿ ನುಣುಚಿಕೊಳ್ಳಬಹುದು. ಆದರೆ ಹೇಳಿದ ಅಜ್ಜಿ ಪ್ರದರ್ಶಕಿ. ಅವಳ ಹೆಸರು ಬಿಡುವುದಕ್ಕೆ ಆಗುವುದಿಲ್ಲ.

ಇನ್ನೊಂದು ಅಂಶ ಇನ್ನೂ ಮುಖ್ಯ. ಧ್ವನಿಮುದ್ರಣದ ಒಡೆತನ ಯಾರದ್ದು? ಅದನ್ನು ಮಾಡಿಸಲು ಮುಂದೆ ಬಂದು ಹೊಣೆ ಹೊತ್ತವನದ್ದು ಅಂತ ಕಾಯಿದೆ ಹೇಳುತ್ತದೆ. ಅಂದರೆ ಹೊರಗಿನವರು ಬಂದು ಗುಂಡಿ ಒತ್ತಿದರೆ ಮುದ್ರಣ ಅವರದ್ದು. ನೀವು ಒತ್ತಿದರೆ ನಿಮ್ಮದು. 1978ರಲ್ಲಿ ಡಮ್ ಡಮ್‌ನ ಕಾರ್ಖಾನೆ ಬೇಕಿತ್ತು. ಇವತ್ತು ಅದು ನಿಮ್ಮ ಜೇಬಿನಲ್ಲಿ ಉಂಟು.

ಇದು ಹಳೆ ಕಾಲದ ಮಾತು ಅಂದುಕೊಳ್ಳಬೇಡಿ. 2021ರಲ್ಲಿ ತಮಿಳಿನ 'ಎಂಜಾಯ್ ಎಂಜಾಮಿ' ಹಾಡು ದೇಶ ಪೂರ್ತಿ ಕುಣಿಸಿತು. ಅದನ್ನು ಬರೆದು ಹಾಡಿದ ದಲಿತ ಯುವಕ ಅರಿವು. ತನ್ನ ಅಜ್ಜಿಯ ಬದುಕಿನಿಂದ ತಂದ ಹಾಡು. ಆ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಪತ್ರಿಕೆಯ ಮುಖಪುಟದಲ್ಲಿ ಜೊತೆಗೆ ಹಾಡಿದ ಧೀ ಇದ್ದರು, ಅರಿವು ಇರಲಿಲ್ಲ. ಗದ್ದಲ ಆದ ಮೇಲೆ ಅರಿವುಗೆ ಬೇರೆ ಮುಖಪುಟ ಸಿಕ್ಕಿತು. 2022ರಲ್ಲಿ 'ಕಾಂತಾರ' ಬಂತು, ನಮ್ಮ ತುಳುನಾಡಿನ ಕೋಲ ಲೋಕಕ್ಕೆಲ್ಲ ಗೊತ್ತಾಯಿತು. ಅದರ 'ವರಾಹ ರೂಪಂ' ಹಾಡು ತಮ್ಮ 'ನವರಸಂ'ನ ಹಾಗೆ ಉಂಟು ಅಂತ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಕೋರ್ಟಿಗೆ ಹೋಯಿತು. ಅದು ಅವರ ಹಕ್ಕಿನ ಜಗಳ. ಅದೇ ಅಕ್ಟೋಬರಿನಲ್ಲಿ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಅಂತ ಸರಕಾರ ಘೋಷಿಸಿತು. ಬರಲಿ, ಬೇಡ ಅನ್ನುವುದಿಲ್ಲ. ಆದರೆ ನೋಡಿ, ಒಂದು ಕಡೆಯವರಿಗೆ ಹಕ್ಕು, ನಮ್ಮ ಕಡೆಯವರಿಗೆ ಸಹಾಯಧನ.

ಹಾಗಾದರೆ ಮಾಡಬೇಕಾದ್ದು ಏನು? ಐದು ಕೆಲಸ ಹೇಳುತ್ತೇನೆ, ಬರೆದುಕೊಳ್ಳಿ.

ಒಂದು. ರಜೆಗೆ ಊರಿಗೆ ಹೋದಾಗ ನಿಮ್ಮ ಕೇರಿಯಲ್ಲಿ, ಕೊಪ್ಪದಲ್ಲಿ ಹಾಡು, ಕಥೆ, ಬಾರಿಸುವ ವಿದ್ಯೆ ಗೊತ್ತಿರುವ ಹಿರಿಯರ ಪಟ್ಟಿ ಮಾಡಿ. ಹೆಂಗಸರನ್ನು ಮೊದಲು ಕೇಳಿ. ಪಾಡ್ದನ ಹೆಚ್ಚು ಉಳಿದಿರುವುದು ಅವರ ಬಾಯಲ್ಲಿ.

ಎರಡು. ಕೇಳದೆ ಫೋನ್ ತೆಗೆಯಬೇಡಿ. ಕೆಲವು ಪಾಡ್ದನ ಹೇಳುವುದಕ್ಕೆ ಹೊತ್ತು ಉಂಟು, ಜಾಗ ಉಂಟು. ಕೆಲವು ನೋವನ್ನು ಅವರು ಹೊರಗೆ ಹೇಳಲು ಒಪ್ಪದೆ ಇರಬಹುದು. ಬೇಡ ಅಂದರೆ ಬೇಡ. ಹೊರಗಿನವರಿಗೆ ಹೇಳಬೇಕಾದ ಈ ಪಾಠವನ್ನು ಮೊದಲು ನಾವು ಕಲಿಯಬೇಕು.

ಮೂರು. ಮುದ್ರಣ ಶುರುವಾದ ಕೂಡಲೆ ಅವರ ಬಾಯಿಂದಲೇ ಹೆಸರು, ಊರು, ಯಾರಿಂದ ಕಲಿತದ್ದು, ಇವತ್ತಿನ ತಾರೀಕು ಹೇಳಿಸಿ. ಆಮೇಲೆ ಹಾಡು. ಆಗ ದನಿಯನ್ನೂ ಹೆಸರನ್ನೂ ಬೇರೆ ಮಾಡುವುದು ಕಷ್ಟ.

ನಾಲ್ಕು. ಒಂದು ಪ್ರತಿ ಅವರ ಮನೆಯಲ್ಲೇ ಇರಲಿ, ಮೊಮ್ಮಕ್ಕಳ ಫೋನಿನಲ್ಲಾದರೂ. ಅವರು ಒಪ್ಪದೆ ಎಲ್ಲಿಗೂ ಕಳಿಸಬೇಡಿ, ಯಾವ ಯೂಟ್ಯೂಬಿಗೂ ಹಾಕಬೇಡಿ.

ಐದು. ಯಾರಾದರೂ ದಾಖಲು ಮಾಡಲು ಬಂದರೆ, ವಿಶ್ವವಿದ್ಯಾಲಯದವರಾಗಲಿ ಸಿನಿಮಾದವರಾಗಲಿ, ಇವತ್ತಿನ ಮೂರು ಪ್ರಶ್ನೆ ಕೇಳಿ. ಹೆಸರು ಎಲ್ಲಿ ಹಾಕುತ್ತೀರಿ? ಸಂಬಳ ಎಷ್ಟು ಕೊಡುತ್ತೀರಿ? ದನಿಯನ್ನು ಮುಂದೆ ಎಲ್ಲಿ ಬಳಸುತ್ತೀರಿ? ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಓದು ಬಾರದ ಹಿರಿಯರ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಕಾಗದ ತಂದರೆ, ಅದನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ನಿಮ್ಮದು. ಕಾಲೇಜು ಓದಿದ್ದು ಇಂಥದ್ದಕ್ಕೆ ಉಪಯೋಗ ಬಾರದಿದ್ದರೆ ಬೇರೆ ಯಾವುದಕ್ಕೆ?

ಉಳುವವನೇ ಹೊಲದೊಡೆಯ ಅಂತ ಒಂದು ಕಾಲದಲ್ಲಿ ನಾಡೆಲ್ಲ ಕೂಗಿತು. ಆ ಕೂಗು ಕೇಳಿಸಿದರೂ ಫಾರಂ ತುಂಬಿಸಲು ಆಗದವರಿಗೆ ಹೊಲ ಸಿಕ್ಕಲಿಲ್ಲ. ಹಾಡುವವನೇ ಹಾಡಿನೊಡೆಯ ಅಂತ ನಾವು ಕೂಗುವುದಾದರೆ ಈ ಸಲ ಫಾರಂ ನಾವೇ ತುಂಬಿಸೋಣ. ಹಿಂದಿನ ಸಾಲಿನವರು ಬಂದು ಆ ಐದು ಕೆಲಸದ ಪಟ್ಟಿ ಬರೆದುಕೊಂಡು ಹೋಗಿ. ಯಾವ ಊರಿಗೆ ಯಾರು ಅಂತ ಈಗಲೇ ಹಂಚಿಕೊಳ್ಳೋಣ.

ಜೈ ಭೀಮ್.